ಕೊಳವೆಗೆ ಕೊಳವೆ ಕೂಡುವ ಜಾಗ

ಅಧಿಕ ವೋಲ್ಟೇಜಿನ ವಿದ್ಯುತ್ತನ್ನು ದೂರಕ್ಕೆ ಸಾಗಿಸಲು ಸಾಮಾನ್ಯವಾಗಿ ಬಳಕೆಯಲ್ಲಿರುವ ಬಗೆಗಳು ಎರಡು: ಗೋಪುರದಿಂದ ಗೋಪುರಕ್ಕೆ ಎಳೆದ ತಂತಿ, ಇಲ್ಲವೇ ನೆಲದಡಿ ಹುಗಿದ ಕೇಬಲ್. ಈ ಎರಡೂ ಸಲ್ಲದ ಕಡೆಗಳಲ್ಲಿ, ಎಂದರೆ ಬೆಟ್ಟದ ಒಡಲೊಳಗಿನ ವಿದ್ಯುದಾಗಾರದಿಂದ ಹೊರಡುವ ಸುರಂಗದಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲಿ, ಮಹಾನದಿಯ ತಳದಲ್ಲಿ, ಕಳೆದ ಐವತ್ತು ವರ್ಷಗಳಿಂದ ಮೂರನೆಯ ಬಗೆಯೊಂದು ನೆಲೆಯೂರಿದೆ. ಅದನ್ನು ಅನಿಲ ನಿರೋಧಿತ ವಿದ್ಯುನ್ಮಾರ್ಗ ಎನ್ನುತ್ತಾರೆ. ಅಲ್ಯೂಮಿನಿಯಂನ ದೊಡ್ಡ ಕೊಳವೆಯೊಂದರ ನಟ್ಟನಡುವೆ ಅದೇ ಲೋಹದ ಸಣ್ಣ ಕೊಳವೆಯನ್ನು ನಿಲ್ಲಿಸಿ, ನಡುವಣ ತೆರವಿನಲ್ಲಿ ಅನಿಲವನ್ನು ಒತ್ತಿ ತುಂಬಿ, ಒಳಗಿನ ಕೊಳವೆಯಲ್ಲಿ ವಿದ್ಯುತ್ತನ್ನು ಹರಿಸಿ ಹೊರಗಿನದನ್ನು ಭೂಮಿಗೆ ಜೋಡಿಸಿದರೆ ಈ ಮಾರ್ಗ ಸಿದ್ಧವಾಗುತ್ತದೆ. 400 ಕಿಲೋವೋಲ್ಟ್ ಮಾರ್ಗದಲ್ಲಿ ಹೊರಗಿನ ಕೊಳವೆಯ, ಎಂದರೆ ಕವಚದ, ವ್ಯಾಸ ಸುಮಾರು ಅರ್ಧ ಮೀಟರ್ ಇರುತ್ತದೆ. ಒಳಗಿನ ವಾಹಕದ್ದು ಒಂದು ಗೇಣಿಗೂ ಕಡಿಮೆ.

ಇಂಥ ಕೊಳವೆಯನ್ನು ಕೇಬಲ್ಲಿನಂತೆ ಉರುಳೆಗೆ ಸುತ್ತಿ ತರಲಾಗದು. ಲಾರಿಯ ಮೇಲೆ ಹಿಡಿಸುವಷ್ಟು ಉದ್ದದ ತುಂಡುಗಳಾಗಿ ಅದು ಕಾರ್ಖಾನೆಯಿಂದ ಬರುತ್ತದೆ. ಸ್ಥಳದಲ್ಲಿ ತುಂಡಿಗೆ ತುಂಡನ್ನು ಕೂಡಿಸಬೇಕಾಗುತ್ತದೆ. ಈ ತಂತ್ರಜ್ಞಾನದ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ವೋಲ್ಟೇಜಿನ ಏರಿಕೆಯನ್ನೂ ಅನಿಲದ ಗುಣವನ್ನೂ ಕೇಂದ್ರದಲ್ಲಿಟ್ಟು ಬರೆದಿದ್ದಾರೆ. ಆದರೆ ದಾಖಲೆಗಳನ್ನು ಕೂಡಿಕೆಯ ಕಡೆಯಿಂದ ಓದುತ್ತ ಹೋದರೆ ಬೇರೊಂದು ಚಿತ್ರ ಮೂಡುತ್ತದೆ: ಒಂದು ಕೊಳವೆಯ ತುದಿ ಇನ್ನೊಂದರ ತುದಿಯನ್ನು ಸೇರುವ ಒಂದು ಗೇಣಿನಷ್ಟು ಜಾಗದಲ್ಲಿ ಪರಸ್ಪರ ಒಪ್ಪದ ಬೇಡಿಕೆಗಳನ್ನು ಎಷ್ಟರಮಟ್ಟಿಗೆ ತಣಿಸಲಾಯಿತೋ ಅಷ್ಟರಮಟ್ಟಿಗೆ ಮಾತ್ರ ಈ ಮಾರ್ಗ ಉದ್ದವಾಗಿದೆ, ಅಷ್ಟರಮಟ್ಟಿಗೆ ಮಾತ್ರ ವೋಲ್ಟೇಜ್ ಏರಿದೆ.

ಈ ಚರಿತ್ರೆ ಅನಿಲದಿಂದ ಶುರುವಾಗುವುದಿಲ್ಲ. ಅದು ಕಾಗದದಿಂದ ಶುರುವಾಗುತ್ತದೆ. 1887ರಲ್ಲಿ ಲಂಡನ್ ಎಲೆಕ್ಟ್ರಿಕ್ ಸಪ್ಲೈ ಕಾರ್ಪೊರೇಷನ್ ಎಂಬ ಕಂಪನಿ ಸ್ಥಾಪನೆಯಾದಾಗ ಅದರ ಎಂಜಿನಿಯರ್ ಸೆಬಾಸ್ಟಿಯನ್ ಡಿ ಫೆರಾಂಟಿಗೆ ಇಪ್ಪತ್ತಮೂರು ವರ್ಷ. ಅಲ್ಲಿಯವರೆಗೆ ವಿದ್ಯುದಾಗಾರಗಳು ಗಿರಾಕಿಗಳ ನಡುವೆಯೇ, ಬೀದಿಯ ಅಂಚಿನಲ್ಲಿಯೇ ಇರುತ್ತಿದ್ದವು. ಫೆರಾಂಟಿ ಊರ ಹೊರಗೆ, ಥೇಮ್ಸ್ ನದಿಯ ದಂಡೆಯ ಡೆಟ್‌ಫರ್ಡ್‌ನಲ್ಲಿ, ಕಲ್ಲಿದ್ದಲೂ ನೀರೂ ಸುಲಭವಾಗಿ ಒದಗುವ ಜಾಗದಲ್ಲಿ ಒಂದೇ ದೊಡ್ಡ ಆಗಾರವನ್ನು ಕಟ್ಟಿ, ಅಲ್ಲಿಂದ 10,000 ವೋಲ್ಟ್‌ಗಳಲ್ಲಿ ಲಂಡನ್ನಿನ ನಡುವಿಗೆ ವಿದ್ಯುತ್ತನ್ನು ತರಲು ಹೊರಟರು. ಆ ವೋಲ್ಟೇಜನ್ನು ತಾಳಬಲ್ಲ ಕೇಬಲ್ ಆಗಿನ ಮಾರುಕಟ್ಟೆಯಲ್ಲಿ ಇರಲಿಲ್ಲವಾದ್ದರಿಂದ ಅವರು ತಮ್ಮದೇ ಆದ ಒಂದನ್ನು ರೂಪಿಸಿದರು. ಅದು ತಾಮ್ರದ ಕೊಳವೆ. ಅದರ ಸುತ್ತ ಮೇಣದಲ್ಲಿ ಅದ್ದಿದ ಕಂದು ಕಾಗದದ ಸುರುಳಿ, ಸುಮಾರು ಅರ್ಧ ಅಂಗುಲ ದಪ್ಪ. ಅದರ ಮೇಲೆ ಇನ್ನೊಂದು ತಾಮ್ರದ ಕೊಳವೆ. ಮತ್ತೆ ತೆಳುವಾದ ಕಾಗದ. ಎಲ್ಲಕ್ಕೂ ಹೊರಗೆ ಕಬ್ಬಿಣದ ಕೊಳವೆ. ಒಳಗಿನ ತಾಮ್ರ ವೋಲ್ಟೇಜನ್ನು ಹೊರುತ್ತಿತ್ತು, ಹೊರಗಿನದು ಭೂಮಿಗೆ ಜೋಡಣೆಯಾಗಿತ್ತು. ಅನಿಲದ ಜಾಗದಲ್ಲಿ ಕಾಗದವಿದೆ ಎಂಬುದನ್ನು ಬಿಟ್ಟರೆ ಇಂದಿನ ಮಾರ್ಗದ ಅಂಗರಚನೆಯೆಲ್ಲ ಇದರಲ್ಲಿ ಆಗಲೇ ಇದೆ.

ಒಂದೊಂದು ತುಂಡಿನ ಉದ್ದ 20 ಅಡಿ. ರಸ್ತೆ ಅಗೆಯಲು ಬೇಕಾದ ಪರವಾನಗಿಯ ತೊಡಕನ್ನು ತಪ್ಪಿಸಿಕೊಳ್ಳಲು ರೈಲು ಹಳಿಗಳ ಪಕ್ಕದಲ್ಲಿ ಹಾಯಿಸಿದ ನಾಲ್ಕು ಮಾರ್ಗಗಳ ಒಟ್ಟು ಉದ್ದ ಸುಮಾರು 28 ಮೈಲಿ. ಹಾಗಾಗಿ ಕೂಡಿಕೆಗಳ ಸಂಖ್ಯೆ ಏಳು ಸಾವಿರವನ್ನು ಮೀರಿತು. ಅವುಗಳಲ್ಲಿ ಯಾವುದೊಂದು ಸೋತರೂ ಇಡೀ ಮಾರ್ಗವೇ ನಿಲ್ಲುತ್ತಿತ್ತು. ಫೆರಾಂಟಿಯವರ ಪ್ರತಿಭೆ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ. ಅವರು ಕಾಗದದ ಸುರುಳಿಯ ಒಂದು ತುದಿಯನ್ನು ಶಂಕುವಿನ ಆಕಾರಕ್ಕೆ ಚೂಪಾಗಿಯೂ ಇನ್ನೊಂದು ತುಂಡಿನ ತುದಿಯನ್ನು ಅದೇ ಇಳಿಜಾರಿನ ಆಲಿಕೆಯಾಗಿಯೂ ಕೊರೆಯಿಸಿ, ಒಂದನ್ನು ಇನ್ನೊಂದರೊಳಗೆ ಬಲವಾಗಿ ಒತ್ತಿ ಕೂರಿಸಿದರು. ಒಳಗಿನ ಕೊಳವೆಗಳನ್ನು ತಾಮ್ರದ ಸರಳು ಬೆಸೆಯಿತು, ಹೊರಗಿನವುಗಳನ್ನು ತಾಮ್ರದ ತೋಳು ಬೆಸೆಯಿತು. ಎರಡು ಕಾಗದದ ಮೈಗಳು ನೇರವಾಗಿ, ಲಂಬವಾಗಿ ಕೂಡಿದ್ದರೆ ನಡುವಣ ಸಂದಿ ಒಳಗಿನ ತಾಮ್ರದಿಂದ ಹೊರಗಿನ ತಾಮ್ರಕ್ಕೆ ಅರ್ಧ ಅಂಗುಲದ ನೇರ ದಾರಿಯಾಗಿ ಕಿಡಿ ಅದರಲ್ಲಿ ಸಲೀಸಾಗಿ ಹಾಯುತ್ತಿತ್ತು. ಶಂಕುವಿನ ಇಳಿಜಾರು ಆ ದಾರಿಯನ್ನು ಹಲವು ಪಟ್ಟು ಉದ್ದವಾಗಿಸಿತು. ಅಧಿಕ ವೋಲ್ಟೇಜಿನ ಕೇಬಲ್ ಕೂಡಿಕೆಗಳಲ್ಲಿ ಈ ಇಳಿಜಾರಿನ ತತ್ತ್ವ ಇಂದಿಗೂ ಉಳಿದಿದೆ.

ಹೊರಗಿನ ತಾಮ್ರ ಭೂಮಿಗೆ ಜೋಡಣೆಯಾಗಿರುವುದರಿಂದ ಮಾರ್ಗ ಅಪಾಯಕಾರಿಯಲ್ಲ ಎಂದು ಸರ್ಕಾರದ ಬೋರ್ಡ್ ಆಫ್ ಟ್ರೇಡ್‌ನ ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಡಲು ನಡೆಸಿದ ಪರೀಕ್ಷೆ ವಿದ್ಯುತ್ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ವಿದ್ಯುತ್ ಹರಿಯುತ್ತಿದ್ದ ಕೊಳವೆಗೆ ಸಹಾಯಕನೊಬ್ಬ ಉಳಿಯನ್ನು ಬರಿಗೈಯಲ್ಲಿ ಹಿಡಿದು ನಿಂತ, ಇನ್ನೊಬ್ಬ ಅದನ್ನು ಸುತ್ತಿಗೆಯಿಂದ ಹೊಡೆದು ಒಳಗಿನ ತಾಮ್ರದವರೆಗೆ ಇಳಿಸಿದ. ವಿದ್ಯುತ್ ಉಳಿಯ ಮೂಲಕ ಹೊರಗಿನ ತಾಮ್ರಕ್ಕೆ ಹರಿದು ಭೂಮಿ ಸೇರಿತೇ ಹೊರತು ಹಿಡಿದವನ ಮೈಗೆ ಹಾಯಲಿಲ್ಲ. ಇಂದಿನ ಅನಿಲಮಾರ್ಗದ ಕವಚವನ್ನು, ಒಳಗೆ ನಾಲ್ಕು ಲಕ್ಷ ವೋಲ್ಟ್ ಇರುವಾಗಲೂ, ಕೈಯಿಂದ ಮುಟ್ಟಬಹುದಾಗಿರುವುದಕ್ಕೆ ಇದೇ ಕಾರಣ. ಡೆಟ್‌ಫರ್ಡ್ ಕೊಳವೆಗಳಲ್ಲಿ ಕೆಲವು 1933ರವರೆಗೆ ಕೆಲಸ ಮಾಡಿದವು.

ಆದರೂ ಆ ಮಾದರಿಗೆ ಮುಂದೆ ಸಂತತಿ ಬೆಳೆಯಲಿಲ್ಲ. ಕಾಗದ ಸುತ್ತಿ, ಎಣ್ಣೆ ಉಣಿಸಿ, ಸೀಸದ ಹೊದಿಕೆ ತೊಡಿಸಿದ ಬಾಗುವ ಕೇಬಲ್ ಬಂದಮೇಲೆ ನೂರಾರು ಅಡಿಗೊಂದು ಕೂಡಿಕೆ ಸಾಕಾಯಿತು. 20 ಅಡಿಗೊಂದು ಕೂಡಿಕೆಯ ಶ್ರಮವನ್ನು ಯಾರೂ ಬಯಸಲಿಲ್ಲ. ಇಟಲಿಯ ಲುಯಿಜಿ ಇಮಾನುವೇಲಿ ರೂಪಿಸಿದ, ಒಳಗೆ ಎಣ್ಣೆ ಹರಿಯುವ ಕೇಬಲ್ 1927ರಲ್ಲಿ ನ್ಯೂಯಾರ್ಕ್ ಮತ್ತು ಷಿಕಾಗೊ ನಗರಗಳಲ್ಲಿ 132 ಕಿಲೋವೋಲ್ಟ್‌ಗಳನ್ನು ಹೊತ್ತಿತು. ಗಡುಸಾದ ಕೊಳವೆಯ ಕಲ್ಪನೆ ಮತ್ತೆ ಬೇಕಾದದ್ದು ಬಹಳ ತಡವಾಗಿ, ಕೇಬಲ್ಲಿನ ಎರಡು ಮಿತಿಗಳು ಕಾಡತೊಡಗಿದಾಗ. ದಪ್ಪ ಕಾಗದ ಶಾಖವನ್ನು ಸುಲಭವಾಗಿ ಹೊರಬಿಡುವುದಿಲ್ಲವಾಗಿ ಹರಿಸಬಹುದಾದ ವಿದ್ಯುತ್ತಿಗೆ ಒಂದು ಮಿತಿ ಬಂತು. ಎರಡನೆಯದು ಧಾರಕತೆ, ಎಂದರೆ ಎರಡು ಲೋಹದ ಮೈಗಳ ನಡುವೆ ವಿದ್ಯುದಂಶವನ್ನು ಹಿಡಿದಿಡುವ ಗುಣ. ಪರ್ಯಾಯ ವಿದ್ಯುತ್ತಿನಲ್ಲಿ ಕೇಬಲ್ ಪ್ರತಿ ಆವರ್ತನದಲ್ಲಿಯೂ ತನ್ನನ್ನು ತಾನೇ ತುಂಬಿಕೊಂಡು ಬರಿದಾಗಿಸಿಕೊಳ್ಳುತ್ತ ಹೋಗುವುದರಿಂದ, ಉದ್ದವೂ ವೋಲ್ಟೇಜೂ ಹೆಚ್ಚಿದಂತೆ ಉಪಯೋಗಕ್ಕೆ ಉಳಿಯುವ ವಿದ್ಯುತ್ ಕಡಿಮೆಯಾಗುತ್ತದೆ. ಡೆಟ್‌ಫರ್ಡ್‌ನಿಂದ ಹೊರಟ ವೋಲ್ಟೇಜು ಲಂಡನ್ ತುದಿಯಲ್ಲಿ ತುಸು ಹೆಚ್ಚಾಗಿಯೇ ಕಂಡದ್ದು ಇದರ ಇನ್ನೊಂದು ಮುಖವಾಗಿದ್ದು, ಆ ವಿದ್ಯಮಾನಕ್ಕೆ ಫೆರಾಂಟಿಯವರ ಹೆಸರೇ ಉಳಿದಿದೆ. ಕಾಗದದ ಬದಲು ಅನಿಲವಿದ್ದರೆ ಧಾರಕತೆ ಬಹಳ ಕಡಿಮೆ. ಶಾಖವೂ ಸಲೀಸಾಗಿ ಹೊರಹೋಗುತ್ತದೆ.

ಆ ಅನಿಲ ಸಲ್ಫರ್ ಹೆಕ್ಸಾಫ್ಲೋರೈಡ್. ಗಂಧಕದ ಒಂದು ಪರಮಾಣುವಿನ ಸುತ್ತ ಫ್ಲೋರಿನ್‌ನ ಆರು ಪರಮಾಣುಗಳು ಕೂಡಿದ ಈ ಸಂಯುಕ್ತವನ್ನು 1900ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಆನ್ರಿ ಮೊಆಸಾನ್ ಮತ್ತು ಪೋಲ್ ಲೆಬೊ ಮೊದಲು ತಯಾರಿಸಿದರು. ಬಣ್ಣವಿಲ್ಲದ, ವಾಸನೆಯಿಲ್ಲದ, ಗಾಳಿಯ ಐದು ಪಟ್ಟು ತೂಕದ ಈ ಅನಿಲ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ತಕ್ಷಣ ಹಿಡಿದುಕೊಳ್ಳುತ್ತದೆಯಾದ್ದರಿಂದ ಅದೇ ಒತ್ತಡದ ಗಾಳಿಗಿಂತ ಎರಡೂವರೆಯಿಂದ ಮೂರು ಪಟ್ಟು ವೋಲ್ಟೇಜನ್ನು ತಾಳುತ್ತದೆ. 1930ರ ದಶಕದ ಕೊನೆಗೆ ಅದರ ನಿರೋಧಕ ಗುಣ ಪೇಟೆಂಟುಗಳಲ್ಲಿ ದಾಖಲಾಯಿತು. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಗಳಲ್ಲಿ ಉತ್ಪಾದನೆ ಶುರುವಾಯಿತು. ಒತ್ತಿದ ಅನಿಲದಲ್ಲಿ ಅತ್ಯಧಿಕ ವೋಲ್ಟೇಜನ್ನು ಹಿಡಿದಿಡುವ ವಿದ್ಯೆಯನ್ನು ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ರಾಬರ್ಟ್ ವಾನ್ ಡಿ ಗ್ರಾಫ್ ಮತ್ತು ಜಾನ್ ಜಿ. ಟ್ರಂಪ್ ಕಣ ವೇಗವರ್ಧಕ ಯಂತ್ರಗಳಿಗಾಗಿ ಬೆಳೆಸಿದ್ದರು. ಅವರು 1946ರಲ್ಲಿ ಇತರರೊಂದಿಗೆ ಸೇರಿ ಕಟ್ಟಿದ ಕಂಪನಿಯ ಬಳಗದಲ್ಲಿಯೇ 1960ರ ದಶಕದಲ್ಲಿ ಅನಿಲಮಾರ್ಗ ರೂಪುಗೊಂಡಿತು. 1970ರ ದಶಕದ ಆರಂಭದಲ್ಲಿ ಅಮೆರಿಕದ ವಿದ್ಯುತ್ ಕೇಂದ್ರಗಳಲ್ಲಿ ನೂರಿನ್ನೂರು ಮೀಟರ್ ಉದ್ದದ ಮೊದಲ ಮಾರ್ಗಗಳು ಕೆಲಸಕ್ಕೆ ಇಳಿದವು.

ಕಾಗದ ಹೋಗಿ ಅನಿಲ ಬಂದದ್ದರಿಂದ ಕೂಡಿಕೆ ಸುಲಭವಾಗಿರಬೇಕೆಂದು ತೋರಬಹುದು. ಅನಿಲಕ್ಕೆ ತುದಿಯಿಲ್ಲ, ಸಂದಿಯಿಲ್ಲ. ಫೆರಾಂಟಿಯವರನ್ನು ಕಾಡಿದ ನಿರೋಧಕದ ಸಮಸ್ಯೆ ಇಲ್ಲಿ ತಾನಾಗಿಯೇ ಮಾಯವಾಗುತ್ತದೆ. ಆದರೆ ತೊಡಕು ಲೋಹಕ್ಕೆ ವರ್ಗವಾಯಿತು. ಒಳಗಿನ ವಾಹಕದಲ್ಲಿ ಸಾವಿರಾರು ಆಂಪಿಯರ್ ಹರಿಯುವಾಗ ಅದು ಬಿಸಿಯಾಗಿ ಉದ್ದವಾಗುತ್ತದೆ. ಅಲ್ಯೂಮಿನಿಯಂನ ನೂರು ಮೀಟರ್ ಕೊಳವೆ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ ಸುಮಾರು 11.5 ಸೆಂಟಿಮೀಟರ್ ಬೆಳೆಯುತ್ತದೆ. ಹೊರಗಿನ ಕವಚ ಅಷ್ಟು ಬಿಸಿಯಾಗುವುದಿಲ್ಲವಾದ್ದರಿಂದ ಅದು ಅಷ್ಟು ಬೆಳೆಯುವುದಿಲ್ಲ. ವಾಹಕವನ್ನು ನಡುವೆ ಎತ್ತಿ ಹಿಡಿದಿರುವುದು ಎಪಾಕ್ಸಿ ಎಂಬ ಎರಕದ ರಾಳದ ಆಧಾರಗಳು. ವಾಹಕಕ್ಕೆ ಬೆಳೆಯಲು ಜಾಗವಿಲ್ಲದಿದ್ದರೆ ಅದರ ನೂಕು ಈ ಆಧಾರಗಳ ಮೇಲೆ ಬಿದ್ದು ಅವು ಬಿರಿಯುತ್ತವೆ. ಆದ್ದರಿಂದ ಕೂಡಿಕೆ ಜಾರಬೇಕು. ಅದೇ ವೇಳೆಗೆ ವಿದ್ಯುತ್ತನ್ನು ಬಿಡದೆ ಹಿಡಿದಿರಬೇಕು.

ಜಾರುವ ಎರಡು ಲೋಹಗಳ ನಡುವೆ ವಿದ್ಯುತ್ ಹೇಗೆ ದಾಟುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಬಿಡಿಸಿ ಹೇಳಿದವರು ಸ್ವೀಡನ್‌ನ ಭೌತವಿಜ್ಞಾನಿ ರಾಗ್ನರ್ ಹೋಮ್. ಅವರು ಬರ್ಲಿನ್‌ನ ಸೀಮೆನ್ಸ್ ಪ್ರಯೋಗಾಲಯದಲ್ಲಿ ಬಹಳ ಕಾಲ ದುಡಿದವರು. 1941ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವರ ಗ್ರಂಥ ಈ ಕ್ಷೇತ್ರಕ್ಕೆ ತಳಪಾಯ ಹಾಕಿತು. ಎಷ್ಟೇ ನುಣುಪಾಗಿ ಉಜ್ಜಿದರೂ ಎರಡು ಲೋಹದ ಮೈಗಳು ಇಡಿಯಾಗಿ ತಾಗುವುದಿಲ್ಲ. ಸೂಕ್ಷ್ಮವಾದ ಉಬ್ಬುಗಳ ಕೆಲವೇ ತುದಿಗಳು ತಾಗುತ್ತವೆ, ಇಡೀ ವಿದ್ಯುತ್ ಆ ಚುಕ್ಕೆಗಳ ಮೂಲಕ ಹಿಂಡಿಕೊಂಡು ಹಾಯುತ್ತದೆ ಎಂದು ಅವರು ತೋರಿಸಿದರು. ಒತ್ತುವ ಬಲ ಹೆಚ್ಚಿದರೆ ಚುಕ್ಕೆಗಳು ಹಿಗ್ಗುತ್ತವೆ, ರೋಧ ತಗ್ಗುತ್ತದೆ. ಅಲ್ಯೂಮಿನಿಯಂನ ವಿಷಯದಲ್ಲಿ ಇನ್ನೊಂದು ತೊಂದರೆಯುಂಟು: ಗಾಳಿಗೆ ತೆರೆದ ಕ್ಷಣದಲ್ಲಿಯೇ ಅದರ ಮೇಲೆ ಕೆಲವು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ, ಆ ಪೊರೆ ವಿದ್ಯುತ್ತಿಗೆ ಅಡ್ಡವಾಗುತ್ತದೆ. ಹಾಗಾಗಿ ಸಂಪರ್ಕದ ಮೈಗಳಿಗೆ ಬೆಳ್ಳಿಯ ಲೇಪ ಕೊಡಬೇಕಾಯಿತು.

ಹೀಗೆ ರೂಪುಗೊಂಡ ಕೂಡಿಕೆಯನ್ನು ಹತ್ತಿರದಿಂದ ನೋಡಬೇಕು. ಒಂದು ವಾಹಕದ ತುದಿಗೆ ಗಟ್ಟಿಯಾದ ಮೋಟು ದಂಡ, ಎಂದರೆ ಪ್ಲಗ್. ಇನ್ನೊಂದರ ತುದಿಗೆ ಅದನ್ನು ಒಳಗೊಳ್ಳುವ ಸಾಕೆಟ್. ಸಾಕೆಟ್ಟಿನ ಒಳಸುತ್ತಿನಲ್ಲಿ ತಾಮ್ರದ ಬೆರಳಿನಾಕಾರದ ಪಟ್ಟಿಗಳು ಸಾಲಾಗಿ ನಿಂತಿರುತ್ತವೆ. ಹಿಂದಿನಿಂದ ಸ್ಪ್ರಿಂಗುಗಳು ಅವನ್ನು ದಂಡದ ಮೇಲೆ ಒತ್ತುತ್ತವೆ. ಕೆಲವು ವಿನ್ಯಾಸಗಳಲ್ಲಿ ಬೆರಳುಗಳ ಬದಲು, ಕಿಟಕಿಯ ಓರೆಪಟ್ಟಿಗಳಂತೆ ಸೀಳಿ ತಿರುಚಿದ ತೆಳು ತಾಮ್ರದ ಪಟ್ಟಿಯೊಂದನ್ನು ಸುತ್ತಲೂ ಕೂರಿಸಲಾಗುತ್ತದೆ. ಪ್ರತಿಯೊಂದು ಸೀಳೂ ತಾನೇ ಸ್ಪ್ರಿಂಗು, ತಾನೇ ಸಂಪರ್ಕ. ಬೆರಳುಗಳ ಸಂಖ್ಯೆ ಹೆಚ್ಚಿದಷ್ಟೂ ಹೋಮ್ ಹೇಳಿದ ಚುಕ್ಕೆಗಳ ಸಂಖ್ಯೆ ಹೆಚ್ಚುತ್ತದೆ. ಇಂಥ ಒಂದು ಕೂಡಿಕೆಯ ರೋಧ 10 ಮೈಕ್ರೋಓಮ್, ಎಂದರೆ ಒಂದು ಓಮ್‌ನ ಲಕ್ಷದಲ್ಲಿ ಒಂದು ಪಾಲು ಇದ್ದರೂ, 3,000 ಆಂಪಿಯರ್ ಹರಿದಾಗ ಅಲ್ಲಿ 90 ವಾಟ್ ಶಾಖ ಹುಟ್ಟುತ್ತದೆ. ಸ್ಪ್ರಿಂಗ್ ಬಿಸಿಯಿಂದ ಸಡಿಲಗೊಂಡು ರೋಧ ಎರಡು ಪಟ್ಟಾದರೆ ಶಾಖವೂ ಎರಡು ಪಟ್ಟಾಗುತ್ತದೆ, ಆ ಶಾಖ ಸ್ಪ್ರಿಂಗನ್ನು ಇನ್ನಷ್ಟು ಸಡಿಲಿಸುತ್ತದೆ. ಮುಚ್ಚಿದ ಕವಚದೊಳಗೆ ನಡೆಯುವ ಈ ಕ್ಷಯ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕೂಡಿಕೆಯ ರೋಧವನ್ನು ಒಂದೊಂದಾಗಿ ಅಳೆದು ದಾಖಲಿಸಿದ ಮೇಲೆಯೇ ಕವಚವನ್ನು ಮುಚ್ಚುವ ಪದ್ಧತಿ ಇದರಿಂದಲೇ ಬಂದದ್ದು.

ಬೆರಳುಗಳ ಅಂಚು, ಸ್ಪ್ರಿಂಗಿನ ಸುತ್ತು, ಸಾಕೆಟ್ಟಿನ ಬಾಯಿ, ಇವೆಲ್ಲ ಚೂಪಾದ ಆಕಾರಗಳು. ವಿದ್ಯುತ್ ಕ್ಷೇತ್ರ ಚೂಪಿನ ಬಳಿ ದಟ್ಟವಾಗುತ್ತದೆ. ಅನಿಲ ಸೋಲುವುದು ಅಲ್ಲಿಂದಲೇ. ಅದಕ್ಕಾಗಿ ಕೂಡಿಕೆಯ ಮೇಲೆ ನುಣುಪಾದ, ಅಂಚುಗಳೆಲ್ಲ ಉರುಟಾದ ಲೋಹದ ಮರೆಯೊಂದನ್ನು ತೊಡಿಸಿ, ಕ್ಷೇತ್ರಕ್ಕೆ ಅದು ಮಾತ್ರ ಕಾಣುವಂತೆ ಮಾಡಲಾಯಿತು. ಆದರೆ ಎಲ್ಲಕ್ಕಿಂತ ಹಟಮಾರಿಯಾಗಿ ಉಳಿದದ್ದು ಲೋಹದ ಕಣ. ದಿನದ ಹೊರೆ ಏರಿಳಿದಂತೆ ವಾಹಕ ಹಿಗ್ಗಿ ಕುಗ್ಗಿ ದಂಡ ಬೆರಳುಗಳ ನಡುವೆ ಹಿಂದೆ ಮುಂದೆ ಜಾರುತ್ತದೆ. ಪ್ರತಿ ಜಾರುವಿಕೆಯಲ್ಲಿಯೂ ಬೆಳ್ಳಿಯ, ತಾಮ್ರದ, ಅಲ್ಯೂಮಿನಿಯಂನ ಸಣ್ಣ ಪುಡಿ ಸವೆದು ಬೀಳಬಹುದು. ಕೂಡಿಸುವಾಗ ದಂಡ ತುಸು ಓರೆಯಾದರೂ ಸಾಕು, ಒಂದು ಎಳೆ ಸಿಪ್ಪೆಯೇಳುತ್ತದೆ. ಕವಚದ ತಳದಲ್ಲಿ ಬಿದ್ದ ಅಂಥ ಕಣ ಅಲ್ಲಿನ ಕ್ಷೇತ್ರದಿಂದ ವಿದ್ಯುದಂಶವನ್ನು ಪಡೆದು ಎದ್ದು ನಿಂತು, ಕುಪ್ಪಳಿಸಿ, ಕೊನೆಗೆ ವಾಹಕದತ್ತ ಹಾರುತ್ತದೆ. ಕೆಲವು ಮಿಲಿಮೀಟರ್ ಉದ್ದದ ಒಂದೇ ಒಂದು ಎಳೆ, ಲಕ್ಷಾಂತರ ವೋಲ್ಟ್‌ಗಳನ್ನು ತಾಳಬಲ್ಲ ಅನಿಲದ ಶಕ್ತಿಯನ್ನು ಅದರ ಒಂದು ಭಾಗಕ್ಕೆ ಇಳಿಸಿಬಿಡುತ್ತದೆ. ಜಾರಲು ಬಿಟ್ಟದ್ದೇ ಮಾರ್ಗಕ್ಕೆ ಮುಳುವಾಗುವ ಈ ಇಕ್ಕಟ್ಟು ಅನಿಲಮಾರ್ಗದ ಚರಿತ್ರೆಯ ನಿಜವಾದ ಗಂಟು.

ಇದಕ್ಕೆ ಟ್ರಂಪ್ ಕೊಟ್ಟ ಪರಿಹಾರ ಸರಳವೂ ಸುಂದರವೂ ಆಗಿದೆ. ಕವಚದ ತಳದಲ್ಲಿ ಸೀಳುಗಳುಳ್ಳ ಲೋಹದ ತಗಡೊಂದನ್ನು ಹಾಸಿ ಅದನ್ನು ಕವಚಕ್ಕೇ ಜೋಡಿಸಿದರೆ, ತಗಡಿನ ಅಡಿಯಲ್ಲಿ ಕ್ಷೇತ್ರವೇ ಇಲ್ಲದ ಜಾಗ ಏರ್ಪಡುತ್ತದೆ. ಕುಪ್ಪಳಿಸುತ್ತ ಬಂದ ಕಣ ಸೀಳಿನೊಳಗೆ ಬಿದ್ದರೆ ಮತ್ತೆ ಏಳಲು ಅದಕ್ಕೆ ಶಕ್ತಿಯೇ ಸಿಗುವುದಿಲ್ಲ. 1970ರ ಸುಮಾರಿಗೆ ಪೇಟೆಂಟ್ ಪಡೆದ ಈ ಕಣಬೋನು ಆಧಾರಗಳ ಬಳಿಯೂ ಕೂಡಿಕೆಗಳ ಬಳಿಯೂ ಕಡ್ಡಾಯವೆಂಬಂತೆ ನೆಲೆಗೊಂಡಿತು. ಹೊಸ ಮಾರ್ಗವನ್ನು ಚಾಲೂ ಮಾಡುವ ಮೊದಲು ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಒಳಗುಳಿದ ಕಣಗಳನ್ನು ಬೇಕೆಂದೇ ಕುಣಿಸಿ, ಬೋನುಗಳತ್ತ ಅಟ್ಟುವ ವಿಧಾನವೂ ಅದರ ಬೆನ್ನಿಗೇ ಬಂತು. ಒತ್ತಿದ ಅನಿಲದಲ್ಲಿ ಲೋಹದ ಕಣಗಳ ಈ ಚಲನೆಯನ್ನು ಹಲವು ದೇಶಗಳ ಪ್ರಯೋಗಾಲಯಗಳು ಅಧ್ಯಯನಕ್ಕೆ ಎತ್ತಿಕೊಂಡವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧಿಕ ವೋಲ್ಟೇಜ್ ಎಂಜಿನಿಯರಿಂಗ್ ವಿಭಾಗವೂ ಅವುಗಳಲ್ಲಿ ಒಂದು, ಮತ್ತು ಅಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ಎಸ್. ನಾಯ್ಡು ಅನಿಲ ನಿರೋಧಿತ ವಿದ್ಯುತ್ ಕೇಂದ್ರಗಳನ್ನು ಕುರಿತು ಬರೆದ ಗ್ರಂಥ ಭಾರತದ ವಿದ್ಯಾರ್ಥಿಗಳ ಕೈಗೆ ಈ ವಿದ್ಯೆಯನ್ನು ತಲುಪಿಸಿತು.

ಯುರೋಪಿನಲ್ಲಿ ಯೋಚನೆ ಬೇರೆ ದಿಕ್ಕಿಗೆ ಹೊರಳಿತು. ಜರ್ಮನಿಯ ಕಪ್ಪು ಅರಣ್ಯ ಪ್ರದೇಶದ ವೇರ್ ಎಂಬಲ್ಲಿ, ನೀರನ್ನು ಮೇಲೆತ್ತಿ ಮತ್ತೆ ಇಳಿಸಿ ವಿದ್ಯುತ್ ಪಡೆಯುವ ಆಗಾರವೊಂದು ಬೆಟ್ಟದ ಗವಿಯೊಳಗಿದೆ. ಅಲ್ಲಿಂದ ಬೆಟ್ಟದ ಮೇಲಿನ ತಂತಿಮಾರ್ಗಕ್ಕೆ ಸುಮಾರು 700 ಮೀಟರ್ ಸುರಂಗದಲ್ಲಿ 1975ರಲ್ಲಿ ಹಾಕಿದ 400 ಕಿಲೋವೋಲ್ಟ್ ವರ್ಗದ ಮಾರ್ಗ ದಶಕಗಳ ಕಾಲ ನೆಚ್ಚಿಗೆಯಿಂದ ಕೆಲಸ ಮಾಡಿ, ಈ ತಂತ್ರಜ್ಞಾನಕ್ಕೆ ಅತ್ಯಂತ ಬಲವಾದ ಸಾಕ್ಷಿಯಾಯಿತು. ಮುಂದಿನ ಯುರೋಪಿಯನ್ ಮಾರ್ಗಗಳಲ್ಲಿ ಪ್ರಧಾನವಾದದ್ದು ಬೆಸುಗೆ. ಅಲ್ಯೂಮಿನಿಯಂಗೆ ಬೆಸುಗೆ ಹಾಕುವುದು ಒಂದು ಕಾಲಕ್ಕೆ ಬಲು ಕಷ್ಟದ ಕೆಲಸವಾಗಿತ್ತು. ಜಡ ಅನಿಲದ ಮರೆಯಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಕಿಡಿಯೆಬ್ಬಿಸಿ ಬೆಸೆಯುವ ವಿಧಾನವನ್ನು 1941ರ ಸುಮಾರಿಗೆ ಅಮೆರಿಕದ ವಿಮಾನ ತಯಾರಿಕೆಯಲ್ಲಿ ರಸೆಲ್ ಮೆರೆಡಿತ್ ಬಳಕೆಗೆ ತಂದಮೇಲೆ, ಹಗುರ ಲೋಹಗಳ ಬೆಸುಗೆ ಕಾರ್ಖಾನೆಯ ನಿತ್ಯದ ಕಸುಬಾಯಿತು. ಕೊಳವೆಯ ಸುತ್ತ ತಾನೇ ಸುತ್ತುವ ಯಂತ್ರದ ತಲೆಯಿಂದ ಬೆಸೆದು, ಬೆಸುಗೆಯನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿದರೆ ಅಲ್ಲಿ ಸ್ಪ್ರಿಂಗಿಲ್ಲ, ಬೆರಳಿಲ್ಲ, ಸವೆತವಿಲ್ಲ. ಹಿಗ್ಗುವಿಕೆಗೆ ಮಾತ್ರ ಅಲ್ಲಲ್ಲಿ ಜಾರುವ ಕೂಡಿಕೆಯೊಂದನ್ನು ಉಳಿಸಿಕೊಳ್ಳಲಾಯಿತು. ಪ್ರತಿ ತುಂಡಿಗೊಂದು ಇದ್ದ ಅಪಾಯವನ್ನು ಕೆಲವೇ ಜಾಗಗಳಿಗೆ ಕೂಡಿಹಾಕಿ, ಅಲ್ಲಿ ಕಾವಲಿಡುವುದು ಈ ಕ್ರಮದ ಹಿಂದಿನ ವಿವೇಕ.

ಬೆಸುಗೆಯ ಹೊಗೆಯೂ ಕಿಡಿಯೂ ಕೊಳವೆಯೊಳಗೆ ಕಣಗಳಾಗಿ ಬೀಳದಂತೆ ನೋಡಿಕೊಳ್ಳುವುದೇ ಇಲ್ಲಿನ ಕಷ್ಟ. ಜಿನೀವಾದ ಪಾಲೆಕ್ಸ್‌ಪೊ ಪ್ರದರ್ಶನ ಭವನದ ವಿಸ್ತರಣೆಗೆ ಅಡ್ಡವಾಗಿದ್ದ 220 ಕಿಲೋವೋಲ್ಟ್ ತಂತಿಮಾರ್ಗವನ್ನು 2001ರಲ್ಲಿ ಸುಮಾರು 420 ಮೀಟರ್ ಸುರಂಗಕ್ಕೆ ಇಳಿಸಿದಾಗ, ಸ್ಥಳದಲ್ಲಿಯೇ ಧೂಳಿಲ್ಲದ ಜೋಡಣೆಯ ಕೋಣೆ ಮಾಡಿಕೊಂಡು ಒಂದೊಂದು ತುಂಡನ್ನೂ ಬೆಸೆದು, ಬೆಳೆಯುತ್ತ ಹೋದ ಕೊಳವೆಯನ್ನು ಸುರಂಗದೊಳಕ್ಕೆ ಸರಿಸುತ್ತ ಹೋದರು. ಅಲ್ಲಿ ತುಂಬಿದ್ದು ಶುದ್ಧ ಸಲ್ಫರ್ ಹೆಕ್ಸಾಫ್ಲೋರೈಡ್ ಅಲ್ಲ. 80 ಪಾಲು ಸಾರಜನಕ, 20 ಪಾಲು ಆ ಅನಿಲ. 1997ರ ಕ್ಯೋಟೊ ಒಪ್ಪಂದ ಈ ಅನಿಲವನ್ನು ಹತೋಟಿಯಲ್ಲಿಡಬೇಕಾದ ಹಸಿರುಮನೆ ಅನಿಲಗಳ ಪಟ್ಟಿಗೆ ಸೇರಿಸಿತ್ತು, ಏಕೆಂದರೆ ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್‌ನ 20,000 ಕಿಲೋಗೂ ಮಿಕ್ಕಿ ಭೂಮಿಯನ್ನು ಬಿಸಿಮಾಡುತ್ತದೆ. ಈ ಕಾರಣದಿಂದ ಹೊರಗಿನ ಕವಚದ ಕೂಡಿಕೆಗೂ ಹೊಸ ಮಹತ್ವ ಬಂತು: ಬೋಲ್ಟು ಬಿಗಿದ ಫ್ಲಾಂಜು ಮತ್ತು ರಬ್ಬರ್ ಬಳೆಯಿಂದ ಎಂದಾದರೂ ಸೋರಬಹುದು, ಬೆಸೆದ ಕವಚ ಸೋರುವುದಿಲ್ಲ. ಕವಚದಲ್ಲಿಯೂ ವಾಹಕದಷ್ಟೇ ವಿದ್ಯುತ್ ವಿರುದ್ಧ ದಿಕ್ಕಿನಲ್ಲಿ ಪ್ರೇರಿತವಾಗಿ ಹರಿದು ಹೊರಗಿನ ಕಾಂತಕ್ಷೇತ್ರವನ್ನು ಬಹುಮಟ್ಟಿಗೆ ಅಳಿಸುವುದರಿಂದ ಅಲ್ಲಿಯೂ ಕೂಡಿಕೆಯ ರೋಧ ಕಡಿಮೆಯೇ ಇರಬೇಕು.

ಉದ್ದದಲ್ಲಿ ದೊಡ್ಡ ಜಿಗಿತ ಕಂಡದ್ದು ಏಷ್ಯಾದಲ್ಲಿ. ಜಪಾನಿನ ನಗೋಯಾ ಬಳಿಯ 275 ಕಿಲೋವೋಲ್ಟ್ ಮಾರ್ಗ 1998ರಲ್ಲಿ 3.3 ಕಿಲೋಮೀಟರ್ ಮುಟ್ಟಿತು. ಚೀನಾದ ಯಾಂಗ್ಟ್ಸೆ ನದಿಯ ತಳದಲ್ಲಿ ಕೊರೆದ ಸುಮಾರು 5.5 ಕಿಲೋಮೀಟರ್ ಸುರಂಗದಲ್ಲಿ 2019ರ ಸೆಪ್ಟೆಂಬರಿನಲ್ಲಿ ಚಾಲೂ ಆದ ಸುತೋಂಗ್ ಮಾರ್ಗದ ವೋಲ್ಟೇಜು 1,000 ಕಿಲೋವೋಲ್ಟ್. ಎರಡು ಮಾರ್ಗಗಳ ಆರು ಕೊಳವೆಗಳು ಸೇರಿ ಒಟ್ಟು ಉದ್ದ 34 ಕಿಲೋಮೀಟರ್‌ನಷ್ಟಾಗುತ್ತದೆ. ಅಷ್ಟು ಉದ್ದದ ಮಾರ್ಗದಲ್ಲಿ ಕೂಡಿಕೆಗಳ ಎಣಿಕೆ ಮತ್ತೆ ಸಾವಿರಗಳಿಗೆ ಮುಟ್ಟುತ್ತದೆ. ಒಂದೊಂದರ ಮೇಲಿನ ನಂಬಿಕೆ ಅದಕ್ಕೆ ತಕ್ಕಂತೆ ಹೆಚ್ಚಿರಬೇಕಾಗುತ್ತದೆ.

ನೇರ ವಿದ್ಯುತ್ತಿನ ಅನಿಲಮಾರ್ಗ ಇಷ್ಟು ದೂರ ಸಾಗಿಲ್ಲ. ಜಪಾನಿನ ಕಿಯಿ ಕಾಲುವೆಯ ಯೋಜನೆಗಾಗಿ 2000ದಲ್ಲಿ ಅನಾನ್ ಕೇಂದ್ರದಲ್ಲಿ 500 ಕಿಲೋವೋಲ್ಟ್ ನೇರ ವಿದ್ಯುತ್ತಿಗೆ ವಿನ್ಯಾಸಗೊಳಿಸಿದ ಅನಿಲ ನಿರೋಧಿತ ಉಪಕರಣಗಳು ನೆಲೆಗೊಂಡಿದ್ದರೂ, ಕಿಲೋಮೀಟರ್‌ಗಟ್ಟಲೆ ಉದ್ದದ ಮಾರ್ಗಕ್ಕೆ ಕಣಗಳೇ ದೊಡ್ಡ ಅಡ್ಡಿ. ಪರ್ಯಾಯ ವಿದ್ಯುತ್ತಿನಲ್ಲಿ ಕ್ಷೇತ್ರ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವುದರಿಂದ ತಳದಿಂದ ಎದ್ದ ಕಣ ಬಹುಪಾಲು ದಾರಿಯ ನಡುವೆಯೇ ಕೆಳಗೆ ಬೀಳುತ್ತದೆ. ನೇರ ವಿದ್ಯುತ್ತಿನಲ್ಲಿ ಕ್ಷೇತ್ರ ಒಂದೇ ದಿಕ್ಕಿಗೆ ಎಳೆಯುತ್ತಿದ್ದು, ಎದ್ದ ಕಣ ಸೀದಾ ವಾಹಕವನ್ನು ಮುಟ್ಟುತ್ತದೆ, ಅಲ್ಲಿ ವಿದ್ಯುದಂಶ ಬದಲಿಸಿಕೊಂಡು ಮರಳುತ್ತದೆ, ಮತ್ತೆ ಏಳುತ್ತದೆ. ಕೆಲವೊಮ್ಮೆ ವಾಹಕದ ಬಳಿಯೇ ಮಿಂಚುಹುಳದಂತೆ ಹೊಳೆಯುತ್ತ ತೂಗಾಡುತ್ತ ನಿಂತುಬಿಡುತ್ತದೆ. ಪರ್ಯಾಯ ವಿದ್ಯುತ್ತಿಗೆಂದು ರೂಪಿಸಿದ ಬೋನು ಇಲ್ಲಿ ಸಾಲುವುದಿಲ್ಲ. ಕವಚದ ಒಳಮೈಗೆ ನಿರೋಧಕ ಲೇಪ ಕೊಟ್ಟು ಕಣ ಏಳುವುದನ್ನೇ ತಡೆಯುವ, ಜಾರುವ ಕೂಡಿಕೆಯ ಸುತ್ತ ಪುಡಿಯನ್ನು ಹೊರಬಿಡದ ಮುಚ್ಚಳ ಕೂರಿಸುವ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ಈಗ ನಡೆಯುತ್ತಿವೆ.